ಒಂದೇ ಯಂತ್ರದ ವಠಾರ

ಕನ್ನಡ ಪಾಠ ಹೇಳಿ ನಿವೃತ್ತನಾದ ನನ್ನನ್ನು ಮೊದಲು ತಡೆದು ನಿಲ್ಲಿಸಿದ್ದು 'ವರ್ಚುಯಲ್ ಯಂತ್ರ'ವೆಂಬ ಪದ. ಅದನ್ನು 'ಮಿಥ್ಯಾಯಂತ್ರ'ವೆನ್ನಲು ಮನಸ್ಸೊಪ್ಪದು. ಹಗ್ಗದಲ್ಲಿ ಕಂಡ ಹಾವು ಕಚ್ಚುವುದಿಲ್ಲ; ಈ ಯಂತ್ರವಾದರೋ ನಿಜವಾಗಿಯೇ ದುಡಿಯುತ್ತದೆ.

ನಮ್ಮ ಹಳೆಯ ವಠಾರಗಳನ್ನು ನೆನೆಯಿರಿ. ಬಾವಿ ಒಂದು, ಅಂಗಳ ಒಂದು, ಸಂಸಾರಗಳು ಹತ್ತು; ಬಾಗಿಲು ಹಾಕಿಕೊಂಡರೆ ಪ್ರತಿಯೊಂದಕ್ಕೂ ತನ್ನದೇ ಮನೆ. 'ಹೈಪರ್‌ವೈಸರ್' ಎಂಬ ತಂತ್ರಾಂಶವು ಒಂದೇ ಸರ್ವರನ್ನು ಹೀಗೆ ಹಲವು ಯಂತ್ರಗಳಾಗಿ ಹಂಚಿಕೊಡುತ್ತದೆ. ಐಬಿಎಂ 1972ರಲ್ಲಿಯೇ ತನ್ನ ದೊಡ್ಡ ಗಣಕಗಳಿಗೆ ಈ ಏರ್ಪಾಡನ್ನು ಪ್ರಕಟಿಸಿತ್ತು. 1999ರಲ್ಲಿ ವಿಎಂವೇರ್ ಅದನ್ನು ಸಾಮಾನ್ಯ ಪಿಸಿಗೆ ತಂದಿತು. ಇಂದು ಒಂದೇ ತಂತಿಯಲ್ಲಿ ಹಲವು ಜಾಲಗಳು ಒಂದನ್ನೊಂದು ಅರಿಯದೆ ಹರಿಯುತ್ತವೆ. ಎಷ್ಟೋ ಕಚೇರಿಗಳಲ್ಲಿ ನೌಕರನ ಮುಂದಿರುವುದು ಪರದೆ ಮಾತ್ರ. ಗಣಕವಿರುವುದು ದೂರದ ಸರ್ವರಿನಲ್ಲಿ.

ಅರೆಬರೆ ದುಡಿಯುತ್ತಿದ್ದ ಯಂತ್ರಗಳು ಕಡಿಮೆಯಾಗಿ ಸ್ಥಳವೂ ವಿದ್ಯುತ್ತೂ ಉಳಿದವು, ನಿಜ. ಆದರೆ ವಠಾರಕ್ಕೊಬ್ಬ ಒಡೆಯನಿರುತ್ತಾನೆ. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಸಂಸ್ಥೆ ವಿಎಂವೇರನ್ನು ಕೊಂಡಿತು. ಮರುತಿಂಗಳೇ ಶಾಶ್ವತ ಪರವಾನಗಿಗಳ ಮಾರಾಟ ನಿಂತಿತು. ಕೊಂಡು ಇಟ್ಟುಕೊಳ್ಳುವ ದಾರಿ ಮುಚ್ಚಿ, ಚಂದಾ ಎಂಬ ಬಾಡಿಗೆಯೊಂದೇ ಉಳಿಯಿತು. 2007ರಿಂದ ಲಿನಕ್ಸ್‌ನ ಭಾಗವಾಗಿರುವ ಕೆವಿಎಂನಂತಹ ಮುಕ್ತ ತಂತ್ರಾಂಶಗಳ ಬೆಲೆ ಆಗ ಹಲವರಿಗೆ ತಿಳಿಯಿತು. ಮನೆ ಹೊಗುವ ಮುನ್ನ ಸೌಕರ್ಯದೊಡನೆ ಕರಾರನ್ನೂ ನೋಡಬೇಕೆಂಬ ಹಿರಿಯರ ವಿವೇಕ ಇಲ್ಲಿಯೂ ಸಲ್ಲುತ್ತದೆ.