ಬಟ್ಟೆಗೂ ಒಂದು ಬೆನ್ನೆಲುಬು ಬೇಕು

(ಸುವರ್ಣ ಮಹೋತ್ಸವದ ಅಂಗವಾಗಿ ಎಂಟು, ಒಂಬತ್ತು ಮತ್ತು ಹತ್ತನೆಯ ತರಗತಿಯ ಮಕ್ಕಳಿಗಾಗಿ ಏರ್ಪಡಿಸಿದ್ದ ಹಳೆಯ ವಿದ್ಯಾರ್ಥಿಗಳ ಉಪನ್ಯಾಸದಲ್ಲಿ ಆಡಿದ ಮಾತುಗಳ ಬರಹರೂಪ. ಭಾಷಣಕಾರರು ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್.)



ಸಾಫ್ಟ್‌ವೇರ್‌ನವನು ಬಂದಿದ್ದಾನೆ, ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದುಕೊಂಡಿದ್ದೀರಿ. ಆದರೆ ನನ್ನ ಚೀಲದಲ್ಲಿ ಲ್ಯಾಪ್‌ಟಾಪ್ ಇಲ್ಲ. ಒಂದು ಹಳೆಯ ಸೀರೆ, ಒಂದು ತುಂಡು ಬಕ್ರಂ, ಒಂದು ಡಬ್ಬ ಗಂಜಿ, ಸೂಜಿ ದಾರ ಇವೆ. ಇವತ್ತು ನಾನು ಹೇಳಹೊರಟಿರುವುದು ನೃತ್ಯದ ಉಡುಪನ್ನು ಮನೆಯಲ್ಲೇ ಹೊಲಿಯುವಾಗ ಬಟ್ಟೆಯನ್ನು ಬಿರುಸು ಮಾಡುವುದು ಹೇಗೆ, ಹರಿಯದಂತೆ ಗಟ್ಟಿ ಮಾಡುವುದು ಹೇಗೆ ಎಂಬುದನ್ನು.

ಈ ವಿಷಯ ಯಾಕೆ? ಪ್ರತಿಭಾ ಕಾರಂಜಿ, ವಾರ್ಷಿಕೋತ್ಸವ ಹತ್ತಿರ ಬಂದಾಗ ಪ್ರತಿ ತರಗತಿಯಲ್ಲೂ ಒಂದು ವಿಚಿತ್ರ ನಡೆಯುತ್ತದೆ. ಅದುವರೆಗೆ ಚೆನ್ನಾಗಿ ಕುಣಿಯುತ್ತಿದ್ದ ಹುಡುಗಿ ಇದ್ದಕ್ಕಿದ್ದಂತೆ "ನಂಗೆ ಡಾನ್ಸ್ ಇಷ್ಟ ಇಲ್ಲ ಮಿಸ್" ಎನ್ನುತ್ತಾಳೆ. ಹುಡುಗನಿಗೆ ಕಾಲುನೋವು ಬರುತ್ತದೆ. ಕಾಲುನೋವು ಬರುವುದು ಯಾವಾಗ ಗೊತ್ತೇ? ಡ್ರೆಸ್ಸಿನ ಬಾಡಿಗೆ ಎಷ್ಟು ಎಂದು ಹೇಳಿದ ಮರುದಿನ. ನನ್ನ ತರಗತಿಯಲ್ಲೂ ಹೀಗೆ ಇಬ್ಬರು ಹಿಂದೆ ಸರಿದರು. ನಮ್ಮಲ್ಲಿ ಅತ್ಯಂತ ಚೆನ್ನಾಗಿ ತಾಳಕ್ಕೆ ಹೆಜ್ಜೆ ಹಾಕುತ್ತಿದ್ದವರು ಅವರೇ. ಉಳಿದವರು ಬಾಡಿಗೆ ಕೊಟ್ಟು ತಂದ ಉಡುಪಿನಲ್ಲಿ ಹೋದೆವು. ಅರ್ಧ ಕುಣಿತದಲ್ಲೇ ಒಬ್ಬನ ಪೈಜಾಮ ಹರಿಯಿತು, ಇನ್ನೊಬ್ಬನ ಕಿರೀಟ ಬೆವರಿಗೆ ಮೆತ್ತಗಾಗಿ ಹಣೆಯ ಮೇಲೆ ಇಳಿಬಿತ್ತು. ದುಡ್ಡು ಕೊಟ್ಟವರಿಗೂ ಮರ್ಯಾದೆ ಉಳಿಯಲಿಲ್ಲ, ಕೊಡಲಾಗದವರಿಗೆ ವೇದಿಕೆಯೇ ಸಿಗಲಿಲ್ಲ. ಬಟ್ಟೆ ಹೊಲಿಯುವ ವಿದ್ಯೆ ಇದ್ದರೆ ಇವೆರಡನ್ನೂ ತಪ್ಪಿಸಬಹುದು. ಬೆಂಗಳೂರಿನಲ್ಲಿ ನನ್ನ ಮಗಳು ಭರತನಾಟ್ಯ ಕಲಿಯಲು ಶುರು ಮಾಡಿದ ಮೇಲೆ, ಬ್ಲೌಸ್ ಹೊಲಿದು ನಮ್ಮನ್ನು ಸಾಕಿದ ಅಮ್ಮನ ಪಕ್ಕದಲ್ಲಿ ಕೂತು ನಾನು ಈ ವಿದ್ಯೆ ಕಲಿತೆ.

ಮೊದಲು ಸ್ವಲ್ಪ ವಿಜ್ಞಾನ. ಈ ಕರವಸ್ತ್ರದ ಎರಡು ತುದಿ ಹಿಡಿದು ಎಳೆಯಿರಿ. ಹರಿಯುವುದಿಲ್ಲ. ಒಂದೇ ತುದಿ ಹಿಡಿದು ನಿಲ್ಲಿಸಿ. ನಿಲ್ಲುವುದಿಲ್ಲ. ಬಟ್ಟೆಗೆ ಎಳೆತ ತಾಳುವ ಶಕ್ತಿ ಇದೆ, ಬಾಗದೆ ನಿಲ್ಲುವ ಶಕ್ತಿ ಇಲ್ಲ. ಕಾರಣ, ಅದರೊಳಗಿನ ಹಾಸು ಮತ್ತು ಹೊಕ್ಕಿನ ಎಳೆಗಳು ಒಂದರ ಮೇಲೊಂದು ಜಾರುತ್ತವೆ. ಉದ್ದಕ್ಕೆ ಎಳೆದರೆ ಹಿಗ್ಗುವುದಿಲ್ಲ, ಮೂಲೆಯಿಂದ ಮೂಲೆಗೆ ಎಳೆದರೆ ಹಿಗ್ಗುತ್ತದೆ, ನೋಡಿ. ಬಟ್ಟೆಯನ್ನು ಬಿರುಸು ಮಾಡುವುದು ಎಂದರೆ ಈ ಜಾರುವಿಕೆಯನ್ನು ನಿಲ್ಲಿಸುವುದು. ಅದಕ್ಕೆ ನಾಲ್ಕು ದಾರಿಗಳಿವೆ: ಮಡಿಸುವುದು, ಗಂಜಿ ಹಾಕುವುದು, ಪದರ ಅಂಟಿಸುವುದು, ಒಳಗೆ ಕಡ್ಡಿ ಕೊಡುವುದು.

ಮೊದಲನೆಯದು ಮಡಿಕೆ. ಈ ಹಾಳೆಯನ್ನು ಎರಡು ಪುಸ್ತಕಗಳ ಮಧ್ಯೆ ಸೇತುವೆಯಂತೆ ಇಟ್ಟು ಮೇಲೆ ಪೆನ್ನು ಇಡುತ್ತೇನೆ. ಕುಸಿಯಿತು. ಈಗ ಅದೇ ಹಾಳೆಯನ್ನು ಬೀಸಣಿಗೆಯಂತೆ ಮಡಿಸಿ ಇಡುತ್ತೇನೆ. ಡಸ್ಟರ್ ಇಟ್ಟರೂ ನಿಂತಿದೆ. ಮನೆ ಮೇಲಿನ ಜಿಂಕ್ ಶೀಟಿಗೆ ಅಲೆಅಲೆಯ ಆಕಾರ ಕೊಟ್ಟಿರುವುದು ಇದೇ ಕಾರಣಕ್ಕೆ. ಭರತನಾಟ್ಯದ ಉಡುಪಿನಲ್ಲಿ ಎರಡು ಕಾಲಿನ ನಡುವೆ ಬಿಚ್ಚಿಕೊಳ್ಳುವ ಬೀಸಣಿಗೆಯೂ ಹಾಗೆಯೇ. ಅರಮಂಡಿಗೆ ಕೂತಾಗ ತೆರೆಯಬೇಕು, ಎದ್ದಾಗ ತಾನಾಗಿ ಮುಚ್ಚಬೇಕು. ಇದಕ್ಕೆ ಸೀರೆಯ ಸೆರಗು ಒಳ್ಳೆಯದು, ಜರಿಯಿಂದಲೇ ಅದಕ್ಕೆ ಅರ್ಧ ಬಿರುಸು ಬಂದಿರುತ್ತದೆ. ಒಂದೊಂದು ಅಂಗುಲದ ಮಡಿಕೆ ಹಾಕಿ, ಒದ್ದೆ ಬಟ್ಟೆ ಹೊದಿಸಿ ಇಸ್ತ್ರಿ ಒತ್ತಿ, ದಾರದಿಂದ ಕಟ್ಟಿ, ರಾತ್ರಿಯಿಡೀ ಭಾರದ ಕೆಳಗೆ ಇಡಿ. ಆಮೇಲೆ ಮೇಲ್ತುದಿಯನ್ನು ಗಟ್ಟಿಯಾಗಿ ಹೊಲಿದು, ಹಿಂಬದಿಯಲ್ಲಿ ಎರಡು ಮೂರು ಕಡೆ ಪ್ರತಿ ಮಡಿಕೆಯ ಬೆನ್ನಿಗೂ ನೂಲು ಪೋಣಿಸಿ. ಆ ನೂಲು ಎಷ್ಟು ಉದ್ದವೋ ಬೀಸಣಿಗೆ ಅಷ್ಟೇ ತೆರೆಯುತ್ತದೆ, ಮಡಿಕೆ ಚೆದುರುವುದಿಲ್ಲ.

ಇಲ್ಲಿ ಬಟ್ಟೆಯ ಜಾತಿ ಮುಖ್ಯ. ಪಾಲಿಯೆಸ್ಟರ್ ಬಿಸಿಗೆ ಮೆದುವಾಗಿ, ತಣಿದಾಗ ಹೊಸ ಆಕಾರವನ್ನೇ ಹಿಡಿದುಕೊಳ್ಳುತ್ತದೆ. ಹಾಗಾಗಿ ಅದರ ನೆರಿಗೆ ಒಗೆದರೂ ಬಹಳ ಕಾಲ ಉಳಿಯುತ್ತದೆ. ಹತ್ತಿ, ರೇಷ್ಮೆಯ ನೆರಿಗೆ ನೀರು, ಬೆವರು ತಾಕಿದರೆ ಹೋಗುತ್ತದೆ, ಮತ್ತೆ ಇಸ್ತ್ರಿ ಬೇಕು. ಬಟ್ಟೆಯ ಲೆಕ್ಕವೂ ನೆನಪಿರಲಿ: ಒಂದೇ ದಿಕ್ಕಿಗೆ ಮಡಿಸುವ ನೆರಿಗೆಯಲ್ಲಿ ಒಂದಂಗುಲ ಹೊರಗೆ ಕಾಣಬೇಕಾದರೆ ಮೂರಂಗುಲ ಬಟ್ಟೆ ಬೇಕು. ಸೊಂಟದ ಸುತ್ತಳತೆ 24 ಅಂಗುಲವಾದರೆ 72 ಅಂಗುಲ, ಅಂದರೆ ಎರಡು ಗಜ.

ಎರಡನೆಯದು ಗಂಜಿ. ಇದು ನಿಮ್ಮ ಅಜ್ಜಿಗೆ ಗೊತ್ತಿರುವ ವಿದ್ಯೆ. ಅನ್ನದ ಗಂಜಿ, ಸಬ್ಬಕ್ಕಿ ಗಂಜಿ, ಮೈದಾ ಗಂಜಿ ಎಲ್ಲವೂ ಪಿಷ್ಟವೇ. ಬಿಸಿ ನೀರಿನಲ್ಲಿ ಪಿಷ್ಟದ ಕಾಳುಗಳು ಉಬ್ಬಿ ಒಡೆದು ಅಂಟಾಗುತ್ತವೆ. ಒಣಗಿದಾಗ ಅದು ಎಳೆಗಳ ಸುತ್ತ ತೆಳುವಾದ ಪೊರೆಯಾಗಿ ನಿಂತು ಜಾರುವುದನ್ನು ತಡೆಯುತ್ತದೆ. ನಾಲ್ಕು ಚಮಚ ಮೈದಾವನ್ನು ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ಒಂದು ಲೀಟರ್ ನೀರಿಗೆ ಸುರಿದು, ಪಾರದರ್ಶಕವಾಗುವವರೆಗೆ ತಿರುವಿ, ಸೋಸಿ. ಬಟ್ಟೆ ಅದ್ದಿ ಹಿಂಡಿ, ನೆರಳಲ್ಲಿ ಒಣಹಾಕಿ, ಇನ್ನೂ ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಮಾಡಿ. ಕೋಲಾಟದ ಪಂಚೆಗೆ, ಪೇಟದ ತುರಾಯಿಗೆ ಇಷ್ಟು ಸಾಕು. ಆದರೆ ಗಂಜಿಗೆ ಎರಡು ಶತ್ರುಗಳು. ಒಂದು ಬೆವರು, ಆದ್ದರಿಂದ ಕಂಕುಳು, ಸೊಂಟದ ಹತ್ತಿರ ಗಂಜಿಯನ್ನು ನಂಬಬೇಡಿ. ಎರಡನೆಯದು ಜಿರಲೆ, ಬೂಷ್ಟು. ಗಂಜಿ ಹಾಕಿದ ಬಟ್ಟೆಯನ್ನು ಹಾಗೆಯೇ ಟ್ರಂಕಿಗೆ ಹಾಕಿದರೆ ಮುಂದಿನ ವರ್ಷ ತೂತುಗಳು ಸಿಗುತ್ತವೆ. ಒಗೆದು, ಒಣಗಿಸಿ, ಗಂಜಿ ಇಲ್ಲದೆ ಎತ್ತಿಡಬೇಕು.

ಮೂರನೆಯದು ಪದರ. ಎರಡು ಪದರಗಳನ್ನು ಸುಮ್ಮನೆ ಒಂದರ ಮೇಲೊಂದು ಇಟ್ಟರೆ ಬಿರುಸು ಎರಡರಷ್ಟಾಗುತ್ತದೆ. ಅವನ್ನೇ ಪೂರ್ತಿ ಅಂಟಿಸಿ ಒಂದಾಗಿಸಿದರೆ ಲೆಕ್ಕದ ಪ್ರಕಾರ ಎಂಟರಷ್ಟಾಗುತ್ತದೆ. ಬಾಗುವಿಕೆಗೆ ಒಡ್ಡುವ ಪ್ರತಿರೋಧ ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ: ಎರಡರ ಘನ ಎಂಟು, ಮೂರರ ಘನ ಇಪ್ಪತ್ತೇಳು. ಬಟ್ಟೆ ಮೆದು ವಸ್ತುವಾದ್ದರಿಂದ ನಿಜದಲ್ಲಿ ಅಷ್ಟು ಪೂರ್ತಿ ಸಿಗದಿದ್ದರೂ ವ್ಯತ್ಯಾಸ ಕೈಗೇ ತಿಳಿಯುತ್ತದೆ. ಅಂಗಿಯ ಕಾಲರು ನಿಲ್ಲುವುದು ಒಳಗಿನ ಕ್ಯಾನ್ವಾಸಿನಿಂದ. ಇಸ್ತ್ರಿ ಹಾಕಿದರೆ ಅಂಟುವ ಕ್ಯಾನ್ವಾಸ್ ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಅದರ ಒಂದು ಬದಿ ಬೆರಳಿಗೆ ತರಿತರಿಯಾಗಿ ತಾಕುತ್ತದೆ, ಅದೇ ಅಂಟು. ಆ ಬದಿಯನ್ನು ಬಟ್ಟೆಯ ಒಳಮೈಗೆ ಇಟ್ಟು, ಇಸ್ತ್ರಿ ಪೆಟ್ಟಿಗೆಯನ್ನು ಉಜ್ಜದೆ, ಒಂದೊಂದು ಕಡೆ ಹತ್ತು ಹದಿನೈದು ಸೆಕೆಂಡು ಒತ್ತಿ ಹಿಡಿದು, ಎತ್ತಿ ಮುಂದೆ ಇಡಬೇಕು. ಉಜ್ಜಿದರೆ ಸುಕ್ಕು ಬೀಳುತ್ತದೆ. ಪೂರ್ತಿ ತಣಿಯುವವರೆಗೆ ಅಲುಗಿಸಬಾರದು. ಬಟ್ಟೆ ಹತ್ತಿಯದಾದರೆ ಮೊದಲು ನೀರಿಗೆ ಹಾಕಿ ಒಣಗಿಸಿಕೊಳ್ಳಿ. ಇಲ್ಲವಾದರೆ ಮೊದಲ ಒಗೆತದಲ್ಲೇ ಬಟ್ಟೆ ಕುಗ್ಗಿ, ಕ್ಯಾನ್ವಾಸ್ ಕುಗ್ಗದೆ, ಗುಳ್ಳೆ ಏಳುತ್ತದೆ. ಜರಿ, ನೆಟ್, ಮಿಣುಕು ಬಟ್ಟೆಯಾದರೆ ಒಂದು ಚೂರಿನ ಮೇಲೆ ಪರೀಕ್ಷಿಸಿ ನೋಡದೆ ಇಸ್ತ್ರಿ ಇಡಬೇಡಿ.

ಇನ್ನೂ ಬಿರುಸು ಬೇಕಾದಲ್ಲಿ ಬಕ್ರಂ. ಸೊಂಟದ ಡಾಬು, ಭುಜಕೀರ್ತಿ, ಎದೆಪಟ್ಟಿಗೆ ಇದು. ಡಾಬಿಗೆ ಎರಡು ಪದರ ಬಕ್ರಂ, ಮೇಲೆ ವೆಲ್ವೆಟ್, ಮೈಗೆ ತಾಕುವ ಕಡೆ ಮೆತ್ತನೆಯ ಹತ್ತಿ ಬಟ್ಟೆ. ಕಿರೀಟಕ್ಕೆ ಸ್ಟೀಲ್ ಬೋಗುಣಿಯನ್ನು ಬೋರಲು ಹಾಕಿ, ಪ್ಲಾಸ್ಟಿಕ್ ಹಾಳೆ ಹೊದಿಸಿ, ಹಳೆಯ ಹತ್ತಿ ಬಟ್ಟೆಯ ಪಟ್ಟಿಗಳನ್ನು ಸಮ ಪ್ರಮಾಣದ ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ, ಅಡ್ಡ ಒಂದು ಪದರ, ಉದ್ದ ಒಂದು ಪದರ ಎಂದು ನಾಲ್ಕೈದು ಪದರ ಅಂಟಿಸಿ. ಎರಡು ದಿನ ಒಣಗಿದ ಮೇಲೆ ತೆಗೆದರೆ ಹಗುರವಾದ, ಗಟ್ಟಿಯಾದ ಟೋಪಿ ಸಿಗುತ್ತದೆ. ಬೆವರು ಹೀರದಂತೆ ಹೊರಗೂ ಒಳಗೂ ಆಯಿಲ್ ಪೇಂಟ್ ಬಳಿದು, ಪೇಂಟ್ ಒಣಗಿದ ಮೇಲೆ ಒಳಗಡೆ ಬಟ್ಟೆಯ ಪಟ್ಟಿ ಹೊಲಿಯಿರಿ.

ನಾಲ್ಕನೆಯದು ಕಡ್ಡಿ. ನವಿಲಿನ ಗರಿ, ಚಿಟ್ಟೆಯ ರೆಕ್ಕೆಯಂಥವಕ್ಕೆ ಪದರ ಸಾಲದು. ಬಟ್ಟೆಯ ಅಂಚಿನಲ್ಲಿ ಲಾಡಿ ತೂರಿಸುವಂಥ ಕೊಳವೆ ಹೊಲಿದು, ಅದರೊಳಗೆ ಸೀಳಿದ ಬಿದಿರ ಕಡ್ಡಿಯನ್ನೋ, ರಟ್ಟಿನ ಪೆಟ್ಟಿಗೆಗೆ ಬಿಗಿಯುವ ಪ್ಲಾಸ್ಟಿಕ್ ಪಟ್ಟಿಯನ್ನೋ ತೂರಿಸಿ. ಪ್ಲಾಸ್ಟಿಕ್ ಪಟ್ಟಿ ಬಾಗಿ ಮತ್ತೆ ನೆಟ್ಟಗಾಗುತ್ತದೆ, ಅಂಗಡಿಯವರು ಅದನ್ನು ಎಸೆಯುತ್ತಾರೆ, ಕೇಳಿದರೆ ಪುಕ್ಕಟೆ ಕೊಡುತ್ತಾರೆ. ತಂತಿ ಬಳಸಿದರೆ ತುದಿಯನ್ನು ಒಳಕ್ಕೆ ಬಗ್ಗಿಸಿ, ಟೇಪು ಸುತ್ತಲೇಬೇಕು. ಪಕ್ಕದವರ ಕಣ್ಣಿಗಿಂತ ನಮ್ಮ ರೆಕ್ಕೆ ದೊಡ್ಡದಲ್ಲ.

ಬಿರುಸಿನ ಮಾತಾಯಿತು, ಈಗ ಗಟ್ಟಿತನ. ಬಟ್ಟೆ ಹರಿಯುವುದು ಎಲ್ಲಿ? ಕಾಲುಗಳು ಕೂಡುವ ಜಾಗ, ಕಂಕುಳು, ಹುಕ್ಕಿನ ಬುಡ, ಸೊಂಟ. ನಾಲ್ಕು ಹೊಲಿಗೆಗಳು ಒಂದೇ ಬಿಂದುವಿನಲ್ಲಿ ಸೇರಿದರೆ ಎಳೆತವೆಲ್ಲ ಅಲ್ಲೇ ಬೀಳುತ್ತದೆ. ಅಲ್ಲಿ ಚೌಕಾಕಾರದ ಒಂದು ತುಂಡನ್ನು ಓರೆಯಾಗಿ ಸೇರಿಸಿ ಹೊಲಿದರೆ ಎಳೆತ ಹಂಚಿಹೋಗುತ್ತದೆ, ಅರಮಂಡಿಗೂ ಅವಕಾಶ ಸಿಗುತ್ತದೆ. ಹುಕ್ಕು ಹೊಲಿಯುವ ಜಾಗಕ್ಕೆ ಒಳಗಿನಿಂದ ಕ್ಯಾನ್ವಾಸ್ ತುಂಡು ಕೊಡಿ. ನೆರಿಗೆ, ಡಾಬು, ಗೆಜ್ಜೆಪಟ್ಟಿಯ ಭಾರವನ್ನು ತೆಳು ಬಟ್ಟೆಗೆ ನೇತುಹಾಕಬೇಡಿ, ಸೊಂಟದ ಸುತ್ತ ಅಗಲವಾದ ಹತ್ತಿ ಪಟ್ಟಿ ಹೊಲಿದು ಅದಕ್ಕೆ ಹೊರಿಸಿ. ಮನೆ ಕಟ್ಟುವಾಗ ಸೂರಿನ ಭಾರ ತೊಲೆಗೆ, ತೊಲೆಯದು ಕಂಬಕ್ಕೆ ಇಳಿಯುತ್ತದಲ್ಲ, ಇದೂ ಹಾಗೆ.

ಎಲ್ಲ ಕಡೆ ಬಿರುಸು ಮಾಡುವುದು ಮಾತ್ರ ಬೇಡ. ಮಂಡಿ, ಮೊಣಕೈ, ಕಂಕುಳು ಆಡಬೇಕು. ಬಿರುಸು ಇರಬೇಕಾದದ್ದು ಅಂಚಿನಲ್ಲಿ, ಆಭರಣದಲ್ಲಿ, ನೆರಿಗೆಯಲ್ಲಿ. ಹೊಲಿದ ಮೇಲೆ ಐದು ಪರೀಕ್ಷೆ ಮಾಡಿ: ಎರಡೂ ಕೈ ಎತ್ತಿ, ಅರಮಂಡಿಗೆ ಕೂತು, ಪೂರ್ತಿ ಕುಕ್ಕರಗಾಲಲ್ಲಿ ಕೂತು, ಸುತ್ತು ಹಾಕಿ, ಎಗರಿ ನೋಡಿ. ವೇದಿಕೆಗೆ ಮುಂಚೆ ಎರಡು ಸಲವಾದರೂ ಉಡುಪು ಹಾಕಿಕೊಂಡೇ ಪೂರ್ತಿ ಅಭ್ಯಾಸವಾಗಲಿ. ದೀಪ ಹಿಡಿಯುವ ನೃತ್ಯವಾದರೆ ನೈಲಾನ್, ಪಾಲಿಯೆಸ್ಟರ್ ಬೇಡವೇ ಬೇಡ. ಬೆಂಕಿ ತಾಕಿದರೆ ಅವು ಕರಗಿ ಚರ್ಮಕ್ಕೆ ಅಂಟುತ್ತವೆ. ಹತ್ತಿಗೂ ಬೆಂಕಿ ಹತ್ತುತ್ತದೆ. ಬ್ಯಾಟರಿ ದೀಪ ಬಳಸುವುದೇ ಕ್ಷೇಮ.

ಹಿಂದಿನ ಸಾಲಿನ ಹುಡುಗರು ಇದು ಹುಡುಗಿಯರ ಕೆಲಸ ಎಂದು ನಗುತ್ತಿದ್ದೀರಿ. ನಮ್ಮ ಪೇಟೆಬೀದಿಯ ಟೈಲರುಗಳನ್ನು ಒಮ್ಮೆ ಎಣಿಸಿ ಬನ್ನಿ, ಎಷ್ಟು ಜನ ಗಂಡಸರು ಎಂದು. ಬಡಗುತಿಟ್ಟು ಯಕ್ಷಗಾನದ ಚೌಕಿಗೆ ಹೋಗಿ ನೋಡಿ. ಬಟ್ಟೆಯನ್ನೇ ಬಿಗಿದು, ಪದರದ ಮೇಲೆ ಪದರ ಸುತ್ತಿ ತಲೆಯ ಮೇಲೆ ಕಟ್ಟುವ ಮುಂಡಾಸು ರಾತ್ರಿಯಿಡೀ ಕುಣಿದರೂ ಅಲುಗುವುದಿಲ್ಲ. ಅದನ್ನು ಕಟ್ಟುವವರು ಯಾವ ಕಾಲೇಜಿನಲ್ಲೂ ಇಂಜಿನಿಯರಿಂಗ್ ಓದಿದವರಲ್ಲ, ಆದರೆ ಭಾರ ಎಲ್ಲಿ ಬೀಳುತ್ತದೆ ಎಂಬುದು ಅವರ ಬೆರಳಿಗೆ ಗೊತ್ತು.

ಕೊನೆಯದಾಗಿ ಒಂದು ವಿನಂತಿ. ನಮ್ಮ ಬ್ಯಾಚಿನವರು ಸೇರಿ ಶಾಲೆಗೆ ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಪೆಟ್ಟಿಗೆ, ಒಂದು ದೊಡ್ಡ ಟ್ರಂಕು ಕೊಡುತ್ತಿದ್ದೇವೆ. ಟ್ರಂಕು ಈಗ ಖಾಲಿ ಇದೆ. ಅದನ್ನು ತುಂಬುವವರು ನೀವು. ವರ್ಷಕ್ಕೆ ಎಂಟು ಜೊತೆ ಉಡುಪು ಹೊಲಿದರೂ ಮೂರು ವರ್ಷದಲ್ಲಿ ಇಪ್ಪತ್ನಾಲ್ಕಾಗುತ್ತದೆ. ಪ್ರತಿ ಉಡುಪಿನ ಪಕ್ಕದ ಹೊಲಿಗೆಯೊಳಗೆ ಎರಡಂಗುಲ ಬಟ್ಟೆ ಬಿಡಿ, ಮುಂದಿನ ವರ್ಷ ದಪ್ಪಗಿರುವ ಮಗುವಿಗೂ ಬಿಚ್ಚಿ ಹೊಲಿಯಬಹುದು. ಪ್ರತಿಯೊಂದಕ್ಕೂ ಒಂದು ಚೀಟಿ ಕಟ್ಟಿ: ಯಾವ ಬಟ್ಟೆ, ಒಳಗೆ ಏನು ಹಾಕಿದೆ, ಹೇಗೆ ಒಗೆಯಬೇಕು. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಇದೇ ನಿಯಮ, ಮುಂದೆ ಬರುವವನಿಗೆ ಅರ್ಥವಾಗುವಂತೆ ಬರೆದಿಡದ ಕೆಲಸ ಅರ್ಧ ಕೆಲಸ. ಮನೆಯಲ್ಲಿ ಉಡದ ಹಳೆಯ ಸೀರೆ ಇದ್ದರೆ ಇಲ್ಲಿರುವ ತಾಯಂದಿರು ದಯವಿಟ್ಟು ಒಂದೊಂದು ಕೊಡಿ.

ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನದೊಂದೇ ಕೋರಿಕೆ: ನೃತ್ಯಕ್ಕೆ ಮಕ್ಕಳನ್ನು ಆರಿಸುವಾಗ ಕಾಲು ನೋಡಿ ಆರಿಸಿ, ಡ್ರೆಸ್ಸಿನ ಮಾತು ಆಮೇಲೆ ಟ್ರಂಕಿನ ಹತ್ತಿರ ಆಗಲಿ. ಮಕ್ಕಳೇ, ನಾಳೆ ಶನಿವಾರ, ಬೆಳಗಿನ ತರಗತಿ ಮುಗಿದ ಮೇಲೆ ಮೂರು ಗಂಟೆಯವರೆಗೆ ನಾನು ಕ್ರಾಫ್ಟ್ ಕೊಠಡಿಯಲ್ಲಿ ಇರುತ್ತೇನೆ. ಸೂಜಿಗೆ ದಾರ ಪೋಣಿಸಲು ಬಂದರೆ ಸಾಕು, ಬನ್ನಿ. ಗಂಜಿ ನಾನು ಕಾಯಿಸಿಟ್ಟಿರುತ್ತೇನೆ.

ಐವತ್ತು ತುಂಬಿದ ನಮ್ಮ ಶಾಲೆ ನೂರು ದಾಟಲಿ.