ತೋಡಿನ ಕಲ್ಲುಗಳ ನಡುವಣ ಬಾಳು

(ಸಂಘದ ವಾರ್ಷಿಕೋತ್ಸವದಂದು ಮಾಡಿದ ಭಾಷಣ)



ಕನ್ನಡ ಪಾಠ ಹೇಳುವ ನಾವು ಈ ವೇದಿಕೆಯಲ್ಲಿ ಕೆಸರಿನ ಮಾತೆತ್ತಿದೆವೆಂದು ಕೆಲವರಿಗೆ ಸೋಜಿಗವೆನಿಸೀತು. ಕಾಸರಗೋಡು ಸೀಮೆಯ ಕನ್ನಡ ಮನೆಗಳಲ್ಲಿ ಬಹುಪಾಲು ತೋಡಿನ ಆಸರೆಯಿಂದ ನೆಲೆನಿಂತವು. ನೀರ್ಚಾಲು ಎಂಬ ಊರಿನ ಹೆಸರಿನಲ್ಲಿಯೇ ನೀರು ಹರಿಯುತ್ತಿದೆ. ಪಯಸ್ವಿನಿಯ ಹೆಸರಿನಲ್ಲಿರುವ ‘ಪಯಸ್ಸಿ’ಗೆ ನೀರೆಂದೂ ಹಾಲೆಂದೂ ಎರಡು ಅರ್ಥಗಳುಂಟು. ಆಷಾಢದಲ್ಲಿ ಸೇತುವೆಯ ಮೇಲೆ ನಿಂತು ನೋಡುವವರಿಗೆ ಎರಡೂ ಹೊಂದವು. ಕಾಣುವುದು ಕುರುದಿ ನೀರಿನ ಬಣ್ಣ.

ಮಳೆಗಾಲದ ಹೊಳೆ ಎಂದು ತಾನೆ ತಿಳಿಯಾಗಿತ್ತು ಎಂದು ಹಿರಿಯರು ಕೇಳಬಹುದು. ಒಪ್ಪತಕ್ಕ ಮಾತೇ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಇಳಿಜಾರು ನಾಡಿನಲ್ಲಿ ಮಣ್ಣು ಕೊಚ್ಚಿ ಬರುವುದು ಪ್ರಕೃತಿಧರ್ಮ. ಆದರೆ ಎಷ್ಟು ಮಣ್ಣು, ಎಂತಹ ಮಣ್ಣು, ಅದು ಎಲ್ಲಿ ತಂಗುತ್ತದೆ ಎಂಬುದನ್ನು ವಿಚಾರಿಸಬೇಕು.

ತೋಡಿನ ಬಾಳೆಲ್ಲ ನಡೆಯುವುದು ತಳದ ಕಲ್ಲುಗಳ ನಡುವಣ ಸಂದಿಗಳಲ್ಲಿ. ತಣ್ಣೀರಿನಲ್ಲಿ ಮುಳುಗಿದ ಒಂದು ಉರುಟು ಕಲ್ಲನ್ನು ಮೆಲ್ಲನೆ ಎತ್ತಿ ಮಗುಚಿ ನೋಡಿರಿ. ನೀರಿನ ಸೆಳೆತಕ್ಕೆ ಸಿಲುಕದಂತೆ ಚಪ್ಪಟೆಯಾಗಿ ಕಲ್ಲಿಗಂಟಿದ ಮರಿಹುಳುಗಳು ಅಲ್ಲಿರುತ್ತವೆ. ಮರಳಿನ ಕಣಗಳನ್ನೂ ಕಡ್ಡಿಯ ಚೂರುಗಳನ್ನೂ ತನ್ನ ಬಾಯ ನೂಲಿನಿಂದ ಹೆಣೆದು ಬೆರಳುಗುರಿನಷ್ಟು ಗೂಡು ಕಟ್ಟಿಕೊಂಡ ಹುಳುವೂ ಇರುತ್ತದೆ. ಯಾವ ಶಿಲ್ಪಿಯೂ ಅದರ ಮುಂದೆ ತಲೆದೂಗಬೇಕು! ಏರೋಪ್ಲೇನ್ ಚಿಟ್ಟೆಯ ಬಾಲ್ಯ ಕಳೆಯುವುದೂ ನೀರಿನಲ್ಲಿಯೇ. ಈ ಹುಳುಗಳಲ್ಲಿ ಹಲವು ಕಲ್ಲಿನ ಪಾಚಿಯನ್ನೂ ಕೊಳೆತ ಎಲೆಯನ್ನೂ ತಿಂದು ಬೆಳೆಯುತ್ತವೆ. ಅವನ್ನು ತಿಂದು ಮೀನು ಬೆಳೆಯುತ್ತದೆ. ಗುಡ್ಡದ ತೋಡಿನ ಹಲವು ಮೀನುಗಳು ಮೊಟ್ಟೆಯಿಡುವುದು ಜಲ್ಲಿಕಲ್ಲುಗಳ ಎಡೆಯಲ್ಲಿ. ಎಡೆಯೆಡೆಗೆ ನುಸುಳಿ ಹರಿಯುವ ನೀರು ಮೊಟ್ಟೆಗೆ ಪ್ರಾಣವಾಯುವನ್ನು ಒದಗಿಸುತ್ತದೆ.

ಆ ಎಡೆಗಳನ್ನು ಮುಚ್ಚುವುದು ನುಣ್ಣನೆಯ ಹೂಳು. 2 ಮಿಲಿಮೀಟರಿಗಿಂತ ಕಿರಿದಾದ ಕಣಗಳನ್ನು ಶಾಸ್ತ್ರಜ್ಞರು ಈ ಹೆಸರಿನಿಂದ ಗುರುತಿಸುತ್ತಾರೆ. ಒಂದು ಮೀಟರ್ ಆಳದ ನಿಂತ ನೀರಿನಲ್ಲಿ ಉರುಟು ಮರಳು ಕೆಲವು ಕ್ಷಣಗಳಲ್ಲಿ ತಳ ಸೇರಿದರೆ, ಮಿಲಿಮೀಟರಿನ 500ರಲ್ಲೊಂದು ಪಾಲಿನಷ್ಟಿರುವ ಜೇಡಿಯ ಕಣಕ್ಕೆ ಎರಡು ಮೂರು ದಿನಗಳು ಬೇಕು. ಅಷ್ಟು ಹೊತ್ತೂ ಅದು ಬೆಳಕನ್ನು ತಡೆಯುತ್ತದೆ, ಮೀನಿನ ಕಿವಿರುಗಳಲ್ಲಿ ಸಿಕ್ಕುತ್ತದೆ. ತಂಗಿದ ಮೇಲೆ ಸಂದಿಗೆ ಮೆತ್ತಿ ಮೊಟ್ಟೆಗಳನ್ನು ಉಸಿರುಗಟ್ಟಿಸುತ್ತದೆ. ಅಂತಹ ತಳದಲ್ಲಿ ಜೀವವೇ ಇಲ್ಲದಾಗುವುದೆಂದಲ್ಲ. ಕಲ್ಲಿನ ಹುಳುಗಳು ತೊಲಗಿ, ಕೆಸರಿನಲ್ಲಿ ಹೂತಿರುವ ಕೆಂಪು ಹುಳುಗಳು ಹೆಚ್ಚುತ್ತವೆ. ಮೇಲೆ ನಿಂತವರಿಗೆ ತೋಡು ಮೊದಲಿನಂತೆಯೇ ತೋರುತ್ತದೆ. ಸುಳ್ಯ ಸೀಮೆಯ ತೊಡಿಕಾನದ ಮತ್ಸ್ಯತೀರ್ಥದಲ್ಲಿ ದೇವರ ಮೀನುಗಳಿಗೆ ಆಹಾರ ಹಾಕಿ ಕೈಮುಗಿದು ಬರುವ ನಾವು, ಮನೆಯ ಕೆಳಗಣ ತೋಡಿನ ಮೀನಿಗೆ ಮೊಟ್ಟೆಯಿಡಲು ತಾಣವುಂಟೆ ಎಂದು ನೋಡುವುದಿಲ್ಲ.

ಈ ಮಣ್ಣು ಬರುವುದೆಲ್ಲಿಂದ? ನಮ್ಮ ಗುಡ್ಡಗಳ ಮೇಲ್ಪದರ ಮುರಕಲ್ಲು, ಅದು ಗಟ್ಟಿ. ಅದರಡಿಯಲ್ಲಿರುವುದು ಬಿಳಿ, ನಸುಗೆಂಪು ಬಣ್ಣದ ಶೇಡಿಮಣ್ಣು. ಮುಚ್ಚಿರುವಷ್ಟು ಕಾಲ ಅದು ಸಾಧು. ಬಿಸಿಲಿಗೂ ಮಳೆಗೂ ತೆರೆದರೆ ಹಿಟ್ಟಿನಂತೆ ಕರಗಿ ಹರಿಯುತ್ತದೆ. ಕಲ್ಲಿನ ಕೋರೆಯನ್ನು ಆಳಕ್ಕೆ ಒಯ್ದಾಗ, ಮನೆ ಕಟ್ಟಲು ಗುಡ್ಡವನ್ನು ಜೆಸಿಬಿಯಿಂದ ಕಡಿದಾಗ, ರಬ್ಬರ್ ನೆಡಲು ಇಳಿಜಾರನ್ನು ಮೆಟ್ಟಲು ಮೆಟ್ಟಲಾಗಿ ಬೋಳು ಮಾಡಿದಾಗ ಈ ಮುಚ್ಚಳ ತೆರೆಯುತ್ತದೆ. ಹಿಂದೆ ಕೃಷಿಭೂಮಿಯ ಸುತ್ತ 100 ಗಜದ ಕುಮ್ಕಿಯಲ್ಲಿ ಸೊಪ್ಪು ಸವರುತ್ತಿದ್ದೆವು. ಮರ ಉಳಿಯುತ್ತಿತ್ತು, ತರಗೆಲೆ ಹೊದ್ದ ನೆಲವೂ ಉಳಿಯುತ್ತಿತ್ತು.

ಗದ್ದೆಗಳ ಮಾತನ್ನು ಕೊಂಚ ವಿಸ್ತರಿಸಿ ಹೇಳಬೇಕು. ಬೆಟ್ಟು, ಮಜಲು, ಬೈಲು ಎಂದು ಗುಡ್ಡದ ಬುಡದಿಂದ ತೋಡಿನವರೆಗೆ ಇಳಿದು ಬಂದ ಗದ್ದೆಗಳನ್ನು ನಾವು ಅನ್ನದ ಲೆಕ್ಕದಲ್ಲಿ ಮಾತ್ರ ಎಣಿಸಿದೆವು. ಕೆನ್ನೀರು ಹುಣಿಯಿಂದ ಹುಣಿಗೆ ತಡೆದು ನಿಂತು, ಹೊತ್ತ ಮಣ್ಣನ್ನು ಗದ್ದೆಗಳಲ್ಲಿ ಇಳಿಸಿ, ತಿಳಿಯಾಗಿ ತೋಡಿಗೆ ಸೇರುತ್ತಿತ್ತು. ಅದೊಂದು ಸೋಸುವ ಬಟ್ಟೆ. ಬೇಸಾಯದಲ್ಲಿ ಗಿಟ್ಟದೆ ಹಲವರು ಗದ್ದೆಗೆ ಮಣ್ಣು ತುಂಬಿ ಅಡಕೆ ನೆಟ್ಟರು, ಮನೆ ಕಟ್ಟಿದರು. ಅವರನ್ನು ಹಳಿಯುವುದು ಸುಲಭ. ಭತ್ತಕ್ಕೆ ತಕ್ಕ ಬೆಲೆ ಕೊಟ್ಟವರಾರು? 2008ರಲ್ಲಿ ಕೇರಳ ಸರಕಾರ ಗದ್ದೆ ಮತ್ತು ತೇವಭೂಮಿಗಳ ರಕ್ಷಣೆಗೆ ಕಾನೂನು ಮಾಡಿತು. ಅಷ್ಟರಲ್ಲಿ ಬಟ್ಟೆಯಲ್ಲಿ ಬಹಳ ತೂತು ಬಿದ್ದಿತ್ತು.

ಇನ್ನು ಹೊತ್ತಿನ ವಿಷಯ. ಮೊದಲ ಮಳೆಗೆ ಮೀನುಗಳು ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಏರಿ ಬರುವುದನ್ನು ಎಲ್ಲರೂ ಕಂಡಿದ್ದೇವೆ. ಅದು ಅವುಗಳ ಬಸಿರಿನ ಕಾಲ. ಬೇಸಗೆಯಲ್ಲಿ ಅಗೆದು ಬಿಟ್ಟ ಮಣ್ಣು ಕೆಳಗಿಳಿಯುವುದೂ ಆ ವಾರಗಳಲ್ಲಿಯೇ. ಆದುದರಿಂದ ಗುಡ್ಡ ಅಗೆಯಲೇಬೇಕಾದವರು ದೀಪಾವಳಿಯ ಬಳಿಕ ತೊಡಗಿ ವಿಷುವಿನೊಳಗೆ ಮುಗಿಸಲಿ. ಪತ್ತನಾಜೆಯ ಹೊತ್ತಿಗೆ ತೆರೆದ ನೆಲಕ್ಕೆ ಸೊಪ್ಪು, ತೆಂಗಿನ ಮಡಲು, ಏನಾದರೊಂದು ಹೊದಿಕೆ ಬಿದ್ದಿರಲಿ. ರಬ್ಬರಿನಡಿಯಲ್ಲಿ ಮ್ಯೂಕುನಾ ಬಳ್ಳಿ ಹಬ್ಬಿಸಲಿ. ತೋಡಿನ ಅಂಚಿನ ಕೇದಗೆಯ ಪೊದೆಯನ್ನು ಹಾವಿನ ಭಯಕ್ಕಾಗಿ ಕಡಿಯಬಾರದು. ದಡದ ಮಣ್ಣನ್ನು ಹಿಡಿದಿರುವುದು ಅದರ ಬೇರು.

ಕಟ್ಟಗಳನ್ನು ಕುರಿತು ಒಂದು ಮಾತು. ಕಲ್ಲು ಮಣ್ಣುಗಳಿಂದ ವರ್ಷ ವರ್ಷ ಕಟ್ಟಿ, ಮಳೆಗೆ ಮುನ್ನ ಬಿಚ್ಚುವ ನಮ್ಮ ಹಳೆಯ ಕಟ್ಟ ಹೂಳಿಗೆ ದಾರಿ ಬಿಡುತ್ತದೆ. ಕಾಂಕ್ರೀಟಿನ ಅಣೆಕಟ್ಟೆಯ ಹಲಗೆಗಳನ್ನು ಸಕಾಲದಲ್ಲಿ ತೆಗೆಯದಿದ್ದರೆ ಕೆಸರು ಅಲ್ಲಿಯೇ ಹೆಪ್ಪುಗಟ್ಟುತ್ತದೆ. ಉಳಿದುದು ಅಳಿವೆಗೆ ಹೋಗಿ, ಉಪ್ಪುನೀರು ಸೋಕಿದೊಡನೆ ಮುದ್ದೆಗೂಡಿ, ಮರುವಾಯಿ ಹೆಕ್ಕುವವರ ಪಾಲಿಗೆ ಬೀಳುತ್ತದೆ.

ಕೊನೆಯದಾಗಿ ಅಧ್ಯಕ್ಷರಲ್ಲಿ ಒಂದು ಬೇಡಿಕೆ. ಪ್ರತಿಯೊಂದು ಕನ್ನಡ ಶಾಲೆಯ ಮಕ್ಕಳು ಡಿಸೆಂಬರಿನಲ್ಲೊಂದು ದಿನ ಹಿರಿಯರೊಡನೆ ಸಮೀಪದ ತೋಡಿಗಿಳಿದು ಹತ್ತು ಕಲ್ಲುಗಳನ್ನು ಮಗುಚಿ ನೋಡಿ, ಮರಳಿ ಹಾಗೆಯೇ ಇರಿಸಲಿ. ಕಂಡ ಹುಳು, ಏಡಿ, ಮೀನುಗಳನ್ನು ಬರೆದಿಡಲಿ. ಹೆಸರು ತಿಳಿಯದಿದ್ದರೆ ಅಜ್ಜಿಯನ್ನೋ ನೆರೆಯವರನ್ನೋ ಕೇಳಿ ಕನ್ನಡ, ತುಳು, ಮಲಯಾಳ ಯಾವ ಹೆಸರು ಸಿಕ್ಕಿದರೂ ಸೇರಿಸಲಿ. ಮರುವರ್ಷ ಅದೇ ತಾಣದಲ್ಲಿ ಮತ್ತೆ ನೋಡಲಿ. ಪುಸ್ತಕಗಳನ್ನು ಸಂಘ ಒದಗಿಸಿದರೆ ಮಿಕ್ಕ ಹೊಣೆಯನ್ನು ಅಧ್ಯಾಪಕರಾದ ನಾವು ಹೊರುತ್ತೇವೆ.