ಬೀಸುಕಲ್ಲಿನಿಂದ ಪಠ್ಯಪುಸ್ತಕಕ್ಕೆ



ಬಾದಾಮಿಗೆ ಹೋದವರು ಮೇಣಬಸದಿಯ ಗುಹೆಗಳನ್ನು ನೋಡುತ್ತಾರೆ, ಮಂಗಗಳಿಗೆ ಕೈಯಲ್ಲಿದ್ದದ್ದನ್ನು ಕಳೆದುಕೊಂಡು ಬರುತ್ತಾರೆ. ಅಗಸ್ತ್ಯತೀರ್ಥದ ಆಚೆ, ತಟ್ಟುಕೋಟೆಯ ಕಡೆಯ ಬಂಡೆಯವರೆಗೆ ನಡೆಯುವವರು ಕಡಿಮೆ. ಅಲ್ಲಿ ಕಪ್ಪೆ ಅರಭಟ್ಟನೆಂಬ ವೀರನ ಗುಣಗಾನ ಮಾಡುವ ಒಂದು ಶಾಸನವಿದೆ. ಕಾಲ ಸುಮಾರು ಕ್ರಿ.ಶ. 700. ನಮಗೆ ಸಿಕ್ಕಿರುವ ಅತಿ ಹಳೆಯ ಕನ್ನಡ ತ್ರಿಪದಿಗಳು ಆ ಬಂಡೆಯ ಮೇಲಿವೆ.

ಈ ತ್ರಿಪದಿಯನ್ನು ನಮ್ಮ ಕಡೆಯ ಹೆಣ್ಣುಮಕ್ಕಳು ಯಾವ ಶಾಲೆಗೂ ಹೋಗದೆ ಬಲ್ಲವರಾಗಿದ್ದರು. ನಸುಕಿನಲ್ಲಿ ಎದ್ದು ಅತ್ತೆ ಸೊಸೆ ಎದುರುಬದುರು ಕೂತು ಜೋಳ ಬೀಸುವಾಗ ಹಾಡುತ್ತಿದ್ದದ್ದು ಇದೇ ಮೂರು ಸಾಲಿನ ಪದ್ಯ. ಹಾಗಾದರೆ ಶಾಸನ ಕಟ್ಟಿದ ಕವಿ ಇದನ್ನು ಹೊಸದಾಗಿ ಹುಟ್ಟಿಸಿದನೇ? ನನಗಂತೂ ಹಾಗೆ ಅನ್ನಿಸುವುದಿಲ್ಲ. ಜನರ ಬಾಯಲ್ಲಿ ಮೊದಲೇ ಓಡಾಡುತ್ತಿದ್ದ ಧಾಟಿಯನ್ನೇ ಅವನು ಕಲ್ಲಿಗೆ ಇಳಿಸಿರಬೇಕು. ಬಂಡೆಯ ಅಕ್ಷರ ಓದಲು ಬಾರದ ಜನ ಮುಂದಿನ ಸಾವಿರದ ಇನ್ನೂರು ವರ್ಷ ಅದೇ ಧಾಟಿಯನ್ನು ತಾಯಿಯಿಂದ ಮಗಳಿಗೆ ದಾಟಿಸುತ್ತಲೇ ಬಂದರು.

ಈ ಶಾಸನವನ್ನು 1881ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದವರು ಜೆ.ಎಫ್. ಫ್ಲೀಟ್, ಮುಂಬಯಿ ಪ್ರಾಂತ್ಯದ ಸಿವಿಲ್ ಅಧಿಕಾರಿ. ನಾಲ್ಕು ವರ್ಷ ಕಳೆದು, 1885ರಿಂದ, ಅದೇ ಪತ್ರಿಕೆಯಲ್ಲಿ ಅವರು ಈ ಸೀಮೆಯ ಲಾವಣಿಗಳನ್ನೂ ಪ್ರಕಟಿಸತೊಡಗಿದರು. ಸರಕಾರದ ಮನುಷ್ಯ ಸರಕಾರದ ವಿರುದ್ಧದ ಹಾಡನ್ನು ಬರೆದುಕೊಂಡದ್ದು ಸೋಜಿಗವೇ. ಅವುಗಳಲ್ಲಿ ಒಂದು ಹಲಗಲಿ ಬೇಡರದು.

ಹಲಗಲಿ ಈಗಿನ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ಊರು. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಬ್ರಿಟಿಷರ ಹುಕುಂ ಬಂತು. ಬೇಟೆಯಾಡಿ ಬದುಕುವ ಬೇಡನಿಗೆ ಆಯುಧವೆಂದರೆ ಅನ್ನವೂ ಹೌದು, ಮಾನವೂ ಹೌದು. ಜಡಗ, ಬಾಲ, ಹನುಮ, ರಾಮ ಇವರ ಮುಂದಾಳ್ತನದಲ್ಲಿ ಊರು ಒಲ್ಲೆ ಅಂದಿತು. ನವೆಂಬರಿನಲ್ಲಿ ದಂಡು ಬಂತು, ಊರಿಗೆ ಬೆಂಕಿ ಬಿತ್ತು, ಸೆರೆ ಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿದರು.

ಇಷ್ಟು ಸಂಗತಿ ಕಚೇರಿಯ ಕಾಗದದಲ್ಲೂ ಸಿಗುತ್ತದೆ. ಲಾವಣಿಕಾರ ಅಲ್ಲಿಗೆ ನಿಲ್ಲುವುದಿಲ್ಲ. ದಂಡಿನವರು ಏನೇನು ದೋಚಿದರೆಂದು ಒಂದೊಂದಾಗಿ ಎಣಿಸುತ್ತಾನೆ. ಮನೆಯ ಉಪ್ಪು, ಎಣ್ಣೆ, ಮೊಸರು, ಹೆಣ್ಣಿನ ಕೊರಳ ತಾಳಿ, ಕೊನೆಗೆ ಬೀಸುಕಲ್ಲನ್ನೂ ಬಿಡಲಿಲ್ಲವೆನ್ನುತ್ತಾನೆ. ಬೀಸುಕಲ್ಲು ಹೋದ ಮನೆಯಲ್ಲಿ ಮಾರನೆಯ ದಿನ ಹಿಟ್ಟಿಲ್ಲ, ರೊಟ್ಟಿಯಿಲ್ಲ, ಹಾಡೂ ಇಲ್ಲ. ಒಂದು ಊರು ಹಾಳಾಯಿತೆಂದರೆ ಏನೆಂದು ಇದಕ್ಕಿಂತ ನಿಖರವಾಗಿ ಹೇಳಿದ ವರದಿಯನ್ನು ನಾನು ಓದಿಲ್ಲ. ಇಷ್ಟೆಲ್ಲ ಹೇಳಿದವನು ತನ್ನ ಹೆಸರನ್ನು ಮಾತ್ರ ಹೇಳಲಿಲ್ಲ. ಗದಗಿನ ಕಡೆಯ ಕುರ್ತಕೋಟಿಯ ದೇವರು ಕಲ್ಮೇಶನ ಹೆಸರಲ್ಲಿ ಹಾಡು ಮುಗಿಸಿದ. ಅಂದರೆ ಹಲಗಲಿಯ ಸುದ್ದಿ ಮಲಪ್ರಭೆ ದಾಟಿ ಬೇರೊಂದು ಸೀಮೆಯವನ ಎದೆಗೆ ತಾಕಿತ್ತು, ಅಲ್ಲಿ ಹಾಡಾಗಿತ್ತು.

ಈ ಹಾಡನ್ನು ಮುಂದಿನ ತಲೆಮಾರಿಗೆ ಮುಟ್ಟಿಸಿದ್ದು ಪುಸ್ತಕಕ್ಕಿಂತ ಮೊದಲು ಡಪ್ಪು ಮತ್ತು ತುಂತುಣಿ. ಮುಂದಿನವ ಡಪ್ಪು ಬಡಿದು ಕಥೆ ಎತ್ತುತ್ತಾನೆ, ಹಿಂದಿನವರು ತುಂತುಣಿ ಮೀಟಿ ಜೀ ಜೀ ಎಂದು ದನಿಗೂಡಿಸುತ್ತಾರೆ. ಜಾತ್ರೆಯಲ್ಲಿ ಗಂಡಿನ ಪಕ್ಷದ ಹರದೇಶಿಯವರೂ ಹೆಣ್ಣಿನ ಪಕ್ಷದ ನಾಗೇಶಿಯವರೂ ಎದುರಾದರಂತೂ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ವಾದ ಬೆಳಗಿನತನಕ. ಮುದುಕರು, ಹುಡುಗರು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡ ತಾಯಂದಿರು ಒಂದೇ ಬಯಲಿನಲ್ಲಿ ಕೂತು ಕೇಳುತ್ತಿದ್ದರು. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಗೆ ಆಮೇಲೆ ನಾಟಕ ಕಂಪನಿಗಳು ಬಂದು ಟೆಂಟು ಹೊಡೆದವು. ಕೇಳಿ ಪಳಗಿದ ಈ ಜನವೇ ಅವಕ್ಕೂ ಪ್ರೇಕ್ಷಕರಾದರು. ಹುನಗುಂದ ತಾಲ್ಲೂಕಿನ ಸೂಳೇಭಾವಿಯ ಪಿ.ಬಿ. ಧುತ್ತರಗಿ ಅಂಥ ಕಂಪನಿಗಳಿಗೆ ನಾಟಕ ಬರೆದವರು. ಅವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ರಾಜಕುಮಾರ್ ಸಿನಿಮಾ ಆಯಿತು.

ಹೆಂಗಸರ ಹಾಡು ಕಾಗದಕ್ಕೆ ಬಂದದ್ದು ತಡವಾಗಿ. ವಿಜಾಪುರ ಸೀಮೆಯ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮುಂತಾದವರು, 1931ರಲ್ಲಿ ‘ಗರತಿಯ ಹಾಡು’ ಸಂಕಲನ ತಂದರು. ಆಗ ಬಾಗಲಕೋಟೆಯೂ ಅದೇ ಜಿಲ್ಲೆಯೊಳಗಿತ್ತು. ಹೊತ್ತಿಗೆ ಸರಿಯಾಗಿ ತಂದರೆನ್ನಬೇಕು. ಊರೂರಿಗೆ ಹಿಟ್ಟಿನ ಗಿರಣಿ ಬಂತು, ಹೆಣ್ಣುಮಕ್ಕಳ ರಟ್ಟೆಗೆ ಬಿಡುವು ಸಿಕ್ಕಿತು, ಹಾಡು ಹೋಯಿತು. ಹಾಡಿಗಾಗಿ ಅವರು ಇನ್ನೂ ಬೀಸುತ್ತಲೇ ಇರಬೇಕಾಗಿತ್ತೆಂದು ಹಲುಬುವವರನ್ನು ಒಂದು ದಿನ ಬೀಸುಕಲ್ಲಿನ ಮುಂದೆ ಕೂಡಿಸಬೇಕು.

ಸೀರೆ ನೇಯುವ ಇಳಕಲ್ಲಿನಲ್ಲಿ ಇದೇ ಕಥೆ ಮಗ್ಗದ್ದು. ಅಜ್ಜಿ ಕಂಡಿಕಿ ಸುತ್ತುತ್ತ, ಮಗ ಕುಣಿಯೊಳಗೆ ಕಾಲಿಟ್ಟು ನೇಯುತ್ತ, ಮೊಮ್ಮಗು ಪಕ್ಕದಲ್ಲಿ ಕೂತು ನೋಡುತ್ತ ಇದ್ದ ಮನೆಯಲ್ಲಿ ಟೋಪಿ ತೆನಿಯ ಸೆರಗು ಜೋಡಿಸುವ ಬಗೆಯೂ ರಾಜಕುಮಾರಿಯ ಕಥೆಯೂ ಒಟ್ಟಿಗೇ ಕಿವಿಗೆ ಬೀಳುತ್ತಿದ್ದವು. ವಿದ್ಯುತ್ ಮಗ್ಗದ ಸದ್ದಿನಲ್ಲಿ ಪಕ್ಕದವರ ಮಾತು ಕೇಳಿಸುವುದೇ ಕಷ್ಟ.

ಹಾಗೆಂದು ಕಥೆಗಳು ಮನೆಯೊಳಗೇ ಸೊರಗಿ ಹೋಗಲಿಲ್ಲ. 1950ರ ದಶಕದಲ್ಲಿ ಬೆಳಗಾವಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಎ.ಕೆ. ರಾಮಾನುಜನ್ ಈ ಸೀಮೆಯ ಅಜ್ಜಿಕಥೆಗಳನ್ನು ಬರೆದುಕೊಂಡರು. ಅವರು ಹೇಳಿದ ಕಥೆಗಳಿಂದಲೇ ಗಿರೀಶ ಕಾರ್ನಾಡರ ‘ನಾಗಮಂಡಲ’ ನಾಟಕ ಹುಟ್ಟಿತು. ಹೂವಿನ ಮರವಾಗುವ ಹುಡುಗಿಯ ಕಥೆ ಕಾರ್ನಾಡರ ಕೈಯಲ್ಲಿ ‘ಚೆಲುವಿ’ ಚಿತ್ರವಾಯಿತು. ಅದೇ ಕಥೆ 2006ರಲ್ಲಿ ಅಮೆರಿಕದ ಸಂಗೀತಗಾರ ಜಾನ್ ಆಡಮ್ಸ್ ಅವರ ಆಪೆರಾ ಆಗಿ ವಿಯೆನ್ನಾದ ರಂಗವನ್ನೂ ಏರಿತು. ಕನ್ನಡದ ಹೆಂಗಸರು ಮಕ್ಕಳಿಗೆ ಉಣ್ಣಿಸುತ್ತ ಹೇಳುತ್ತಿದ್ದ ಕಥೆ ಅದು.

ಬಾಗಲಕೋಟೆಯಲ್ಲಿ ಈಗ ಇನ್ನೊಂದು ಬಗೆಯ ಕಥೆ ನಡೆದಿದೆ. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಹಳೆಯ ಪೇಟೆಯ ಭಾಗಗಳನ್ನೂ ಸುತ್ತಲಿನ ಹಳ್ಳಿಗಳನ್ನೂ ನುಂಗಿತು. ಜನ ನವನಗರಕ್ಕೂ ಪುನರ್ವಸತಿ ಕೇಂದ್ರಗಳಿಗೂ ಬಂದರು. ಅಲ್ಲಿ ಹುಟ್ಟಿದ ಹುಡುಗರಿಗೆ ಸೆಕ್ಟರ್ ನಂಬರು ಗೊತ್ತು. ಮುಳುಗಿದ ಓಣಿ, ಅಗಸಿ, ಬೇವಿನ ಕಟ್ಟೆಯ ಜಗಳಗಳು ಗೊತ್ತಾಗುವುದು ಹಿರಿಯರು ಹೇಳಿದರೆ ಮಾತ್ರ. ಅಜ್ಜ ಹೇಳಬೇಕು, ಹುಡುಗ ಹೂಂ ಅನ್ನಬೇಕು. ಹೂಂ ನಿಂತರೆ ಅಜ್ಜನೂ ನಿಲ್ಲಿಸುತ್ತಾನೆ.

ಹಲಗಲಿಯ ಲಾವಣಿ ಹತ್ತನೆಯ ತರಗತಿಯ ಕನ್ನಡ ಪಠ್ಯಕ್ಕೆ ಬಂದಿದೆ. ಸಂತೋಷ. ಹಾಡಿದವರನ್ನು ಕಾಣದ ಜಿಲ್ಲೆಗಳ ಮಕ್ಕಳೂ ಜಡಗ, ಬಾಲರ ಹೆಸರು ಹೇಳುತ್ತಾರೆ. ಆದರೆ ಅವರಿಗೆ ಸಿಕ್ಕಿರುವುದು ಅಕ್ಷರ. ಮೇಷ್ಟ್ರು ತಮಗೆ ತೋಚಿದ ರಾಗದಲ್ಲಿ ಹಾಡಿಸುತ್ತಾರೆ, ಪ್ರಶ್ನೆಪತ್ರಿಕೆ ಭಾವಾರ್ಥ ಕೇಳುತ್ತದೆ. ಮುಧೋಳ, ಲೋಕಾಪುರ, ಬಾದಾಮಿಯ ಕಡೆ ಇದನ್ನು ಹಳೆಯ ಮಟ್ಟಿನಲ್ಲಿ ಕೇಳಿದವರು, ಹಾಡಬಲ್ಲವರು ಈ ಮಾತು ಕೇಳುತ್ತಿದ್ದರೆ ಒಂದು ಕೋರಿಕೆ: ಮೊಮ್ಮಕ್ಕಳ ಮೊಬೈಲಿನಲ್ಲೇ ಆಗಲಿ, ಡಪ್ಪು ತುಂತುಣಿಯ ಸಮೇತ ಒಮ್ಮೆ ಪೂರ್ತಿ ಹಾಡಿ ಇಡಿ. ಆ ಹುಡುಗರೇ ಹಿಂದೆ ನಿಂತು ಜೀ ಜೀ ಅನ್ನಲಿ.